ಆಗುಂಬೆಯ ಘಟ್ಟವೂ ನಮ್ಮ ಬಯಲುಸೀಮೆಯೂ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ—ಈ ನಾಲ್ಕು ಊರುಗಳ ಸುತ್ತಿನ ಸೀಮೆಯಲ್ಲಿ ಗುಡ್ಡಬೆಟ್ಟಗಳಿಗೇನೂ ಕೊರತೆಯಿಲ್ಲ. ಕೊಪ್ಪಳದ ಕೋಟೆಯ ಬೆಟ್ಟ, ಆನೆಗೊಂದಿಯ ಬಂಡೆಗಳ ಸಾಲು, ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡ, ಇವೆಲ್ಲ ನಮಗೆ ಬಾಲ್ಯದಿಂದ ಪರಿಚಿತವಾದುವು. ಆದರೆ ಇವು ಕಲ್ಲಿನ ಬೆಟ್ಟಗಳು. ಬಂಡೆಯ ಸಂದಿನಲ್ಲಿ ಬೇರೂರಿದ ಜಾಲಿ, ಕಾರೆ, ಸೀತಾಫಲದ ಗಿಡಗಳೇ ಇಲ್ಲಿಯ ಅರಣ್ಯ. ಮರಗಳು ಆಕಾಶವನ್ನೇ ಮುಚ್ಚಿಕೊಂಡಿರುವ, ಹಗಲಿನಲ್ಲಿಯೂ ಸಂಜೆಯಂತೆ ತೋರುವ ಬೆಟ್ಟದ ದಾರಿಯನ್ನು ನೋಡಬೇಕೆಂದರೆ ನಾವು ಸಹ್ಯಾದ್ರಿಯ ಅಂಚಿಗೆ ಹೋಗಬೇಕು. ಅಂತಹ ದಾರಿಗಳಲ್ಲಿ ಒಂದಾದ ಆಗುಂಬೆಯ ಘಟ್ಟವನ್ನು ಕುರಿತು ಇಂದು ನಾಲ್ಕು ಮಾತುಗಳನ್ನಾಡಬೇಕೆಂದಿರುವೆನು.

ಬಯಲುಸೀಮೆಯವರಿಗೆ ಘಟ್ಟದ ಮಾತೇಕೆ ಎಂದು ತಾವು ಕೇಳಬಹುದು. ಇದಕ್ಕೆ ಎರಡು ಕಾರಣಗಳುಂಟು. ರಜೆ ಬಂದಿತೆಂದರೆ ನಮ್ಮ ಊರುಗಳಿಂದ ಸಂಸಾರಸಮೇತರಾಗಿ ಮಲೆನಾಡಿಗೆ ವಿಹಾರ ಹೊರಡುವವರ ಸಂಖ್ಯೆ ಈಗ ಸಣ್ಣದಲ್ಲ. ಹೋಗುವ ಸ್ಥಳದ ಗುಣವನ್ನು ತಿಳಿದು ಹೋದರೆ ನೋಟದ ಸುಖ ಇಮ್ಮಡಿಯಾಗುವುದು. ಎರಡನೆಯ ಕಾರಣವು ಇದಕ್ಕಿಂತ ದೊಡ್ಡದು. ಗಂಗಾವತಿಯ ಗದ್ದೆಗಳಲ್ಲಿ ಬೆಳೆದು ನಮ್ಮ ತಟ್ಟೆಗೆ ಬರುವ ಅನ್ನಕ್ಕೂ ಆ ಘಟ್ಟದ ಮೇಲೆ ಸುರಿಯುವ ಮಳೆಗೂ ನಂಟಿದೆ. ಆ ನಂಟನ್ನು ವಿವರಿಸುವುದೇ ಈ ಭಾಷಣದ ಮುಖ್ಯ ಉದ್ದೇಶ.

ಮೊದಲು ‘ಘಟ್ಟ’ವೆಂಬ ಶಬ್ದವನ್ನೇ ನೋಡೋಣ. ಸಂಸ್ಕೃತದಲ್ಲಿ ಇದಕ್ಕೆ ನದಿಯ ದಡದಲ್ಲಿ ಸ್ನಾನಕ್ಕೆ ಇಳಿಯುವ ಸೋಪಾನವೆಂದು ಅರ್ಥ. ಕನ್ನಡದಲ್ಲಿಯಾದರೋ ಬೆಟ್ಟದ ಸಾಲಿಗೂ ಘಟ್ಟವೆನ್ನುವೆವು, ಆ ಸಾಲನ್ನು ದಾಟುವ ದಾರಿಗೂ ಘಟ್ಟವೆನ್ನುವೆವು. ಕರಾವಳಿಯವರು ಮೇಲಿನವರನ್ನು ‘ಘಟ್ಟದ ಮೇಲಿನವರು’ ಎಂದು ಕರೆಯುವುದು ಇಂದಿಗೂ ರೂಢಿಯಲ್ಲಿದೆ. ಸಮುದ್ರದ ಕಡೆಯಿಂದ ನೋಡುವವನಿಗೆ ಸಹ್ಯಾದ್ರಿಯು ದಖ್ಖನದ ಪ್ರಸ್ಥಭೂಮಿಗೆ ಹತ್ತಿಸಿದ ಮೆಟ್ಟಿಲಿನಂತೆಯೇ ಕಾಣುವುದಾದ್ದರಿಂದ ಈ ಹೆಸರು ಚೆನ್ನಾಗಿ ಒಪ್ಪುವುದು. ಈ ಮೆಟ್ಟಿಲನ್ನು ಎಲ್ಲೆಂದರಲ್ಲಿ ಹತ್ತುವಂತಿಲ್ಲ. ತೊರೆಗಳು ಕೊರೆದು ತಗ್ಗಿಸಿದ ಕೆಲವೇ ಎಡೆಗಳಲ್ಲಿ ಮನುಷ್ಯನು ದಾರಿ ಮಾಡಿಕೊಂಡನು. ಸಂಪಾಜೆ, ಬಿಸಿಲೆ, ಶಿರಾಡಿ, ಚಾರ್ಮಾಡಿ, ಆಗುಂಬೆ, ಹುಲಿಕಲ್ಲು, ಕೊಲ್ಲೂರು, ದೇವಿಮನೆ, ಅರಬೈಲು—ಹೀಗೆ ದಕ್ಷಿಣದಿಂದ ಉತ್ತರದವರೆಗೆ ಈ ಬಾಗಿಲುಗಳು ಒಂದಾದಮೇಲೊಂದು ಇರುವುವು.

ಈ ಬಾಗಿಲುಗಳಿಗೂ ನಮ್ಮ ಸೀಮೆಗೂ ಹಳೆಯ ವ್ಯವಹಾರವುಂಟು. ವಿಜಯನಗರದ ಅರಸರ ಕಾಲದಲ್ಲಿ ಕರಾವಳಿಯ ಬಾರಕೂರು, ಮಂಗಳೂರುಗಳು ಅವರ ರಾಜ್ಯದ ಪ್ರಾಂತಗಳಾಗಿದ್ದುವು. ಮೆಣಸು, ಉಪ್ಪು, ತೆಂಗಿನ ಕಾಯಿಗಳು ಹೇರೆತ್ತುಗಳ ಬೆನ್ನಿನ ಮೇಲೆ ಘಟ್ಟವನ್ನು ಹತ್ತುತ್ತಿದ್ದುವು. ಬಟ್ಟೆಯೂ ಧಾನ್ಯವೂ ಇಳಿಯುತ್ತಿದ್ದುವು. ೧೪೪೩ರಲ್ಲಿ ಪಾರಸಿಕ ದೇಶದ ರಾಯಭಾರಿ ಅಬ್ದುಲ್ ರಜಾಕನು ಮಂಗಳೂರಿನಿಂದ ಹೊರಟು, ಬೆಟ್ಟಕಾಡುಗಳನ್ನು ದಾಟಿ ವಿಜಯನಗರವನ್ನು ಸೇರಿದನು. ಆನೆಗೊಂದಿಯ ಎದುರಿನ ದಡದಲ್ಲಿದ್ದ ಆ ಮಹಾನಗರಕ್ಕೆ ಸಮುದ್ರದ ಸಂಪತ್ತು ಬರುತ್ತಿದ್ದುದು ಇಂತಹ ದಾರಿಗಳಿಂದಲೇ.

ಇನ್ನು ಆಗುಂಬೆಗೆ ಬರೋಣ. ಇದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ ಸಣ್ಣ ಊರು. ಸಮುದ್ರಮಟ್ಟದಿಂದ ಸುಮಾರು ೬೪೦ ಮೀಟರು ಎತ್ತರದಲ್ಲಿ, ಪ್ರಸ್ಥಭೂಮಿಯ ತುಟಿಯ ಮೇಲೆಯೇ ಕುಳಿತಿದೆ. ಊರು ಮುಗಿಯುತ್ತಲೇ ನೆಲವೂ ಮುಗಿಯುವುದು. ಅಲ್ಲಿಂದ ರಸ್ತೆಯು ಹೇರ್‌ಪಿನ್ನಿನಂತೆ ಮಡಿಸಿಕೊಂಡಿರುವ ೧೪ ತಿರುವುಗಳಲ್ಲಿ ಸುತ್ತಿ ಸುತ್ತಿ, ಸುಮಾರು ಐನೂರು ಮೀಟರು ಇಳಿದು, ತಪ್ಪಲಿನ ಸೋಮೇಶ್ವರವನ್ನು ಸೇರಿ, ಹೆಬ್ರಿಯ ಮೂಲಕ ಉಡುಪಿಗೆ ಹೋಗುವುದು. ನಮ್ಮ ಕಡೆಯಿಂದ ಹೋಗುವವರು ಶಿವಮೊಗ್ಗವನ್ನು ಸೇರಿದರೆ, ಅಲ್ಲಿಂದ ತೀರ್ಥಹಳ್ಳಿಯ ಮೇಲೆ ತೊಂಬತ್ತು-ನೂರು ಕಿಲೋಮೀಟರಿನ ದಾರಿ. ೧೯೮೦ರ ದಶಕದಲ್ಲಿ ಶಂಕರನಾಗರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಈ ಊರಿನ ಬೀದಿಯಲ್ಲಿಯೂ ಇಲ್ಲಿಯ ದೊಡ್ಡಮನೆಯಲ್ಲಿಯೂ ಚಿತ್ರಿಸಿದ ಮೇಲೆ ಆಗುಂಬೆಯ ಹೆಸರು ದೇಶದಲ್ಲೆಲ್ಲ ಹಬ್ಬಿತು.

ಆದರೆ ಅದಕ್ಕೂ ಮೊದಲು ಊರಿಗೆ ಕೀರ್ತಿಯನ್ನು ತಂದುದು ಅಲ್ಲಿಯ ಮಳೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕು ಅಲ್ಲಿ ಮಳೆ ಬೀಳುವುದು. ‘ದಕ್ಷಿಣದ ಚಿರಾಪುಂಜಿ’ ಎಂಬ ಬಿರುದು ಅದರಿಂದ ಬಂದುದು. ಕರ್ನಾಟಕದಲ್ಲಿ ಹುಲಿಕಲ್ಲು ಮೊದಲಾದ ಬೇರೆ ಸ್ಥಳಗಳೂ ಕೆಲವು ವರ್ಷಗಳಲ್ಲಿ ಆಗುಂಬೆಯನ್ನು ಮೀರಿಸುವುದುಂಟು. ೧೯೪೬ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಯಲ್ಲಿ ನಾಲ್ಕೂವರೆ ಸಾವಿರ ಮಿಲಿಮೀಟರು ಮಳೆ ಬಿದ್ದಿತೆಂದು ದಾಖಲೆಯಿದೆ. ಕೊಪ್ಪಳದ ವಾರ್ಷಿಕ ಮಳೆಯು ಆರುನೂರು ಮಿಲಿಮೀಟರಿನ ಆಸುಪಾಸು. ಎಂದರೆ ನಮ್ಮಲ್ಲಿ ಏಳು ವರ್ಷ ಬೀಳುವಷ್ಟು ಮಳೆ ಅಲ್ಲಿ ಒಂದು ತಿಂಗಳಲ್ಲಿ ಬಿದ್ದುಹೋಯಿತು. ನೇರವಾಗಿ ಅಳೆದರೆ ಎರಡೂ ಊರುಗಳ ನಡುವಣ ಅಂತರ ಇನ್ನೂರೈವತ್ತು ಕಿಲೋಮೀಟರಿನೊಳಗೆ. ಇಷ್ಟು ಹತ್ತಿರದಲ್ಲಿ ಇಷ್ಟು ಭೇದವೇಕೆ?

ಅಡುಗೆಯ ಮನೆಯಲ್ಲಿ ಇದಕ್ಕೊಂದು ದೃಷ್ಟಾಂತವಿದೆ. ಕುದಿಯುವ ಅನ್ನದ ತಪ್ಪಲೆಯ ಮುಚ್ಚಳವನ್ನೆತ್ತಿ ನೋಡಿದರೆ ಒಳಮೈಯಲ್ಲಿ ನೀರಿನ ಹನಿಗಳು ಸಾಲುಗಟ್ಟಿರುವುವು. ಬಿಸಿಯಾದ ಆವಿ ತಂಪಾದುದನ್ನು ಮುಟ್ಟಿತು, ನೀರಾಯಿತು. ಗಾಳಿ ಬಿಸಿಯಾಗಿದ್ದಷ್ಟೂ ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲದು; ತಣ್ಣಗಾದಂತೆ ಆ ಶಕ್ತಿ ಕುಂದುವುದು. ಜೂನಿನಲ್ಲಿ ನೈಋತ್ಯದ ಮಾರುತವು ಅರಬ್ಬೀ ಸಮುದ್ರದ ಮೇಲಿನಿಂದ ಆವಿಯನ್ನು ತುಂಬಿಕೊಂಡು ಬಂದು ಸಹ್ಯಾದ್ರಿಯ ಗೋಡೆಗೆ ಬಡಿಯುವುದು. ಮುಂದೆ ಹೋಗಲು ದಾರಿಯಿಲ್ಲದ್ದರಿಂದ ಮೇಲಕ್ಕೇರುವುದು. ಮೇಲೇರಿದ ಗಾಳಿ ಹಿಗ್ಗುವುದು. ಹಿಗ್ಗಿದ ಗಾಳಿ ತಣ್ಣಗಾಗುವುದು. ಆಗ ಅದು ಹೊತ್ತು ತಂದ ಹೊರೆಯನ್ನು ಅಲ್ಲಿಯೇ ಇಳಿಸುವುದು. ಆಗುಂಬೆಯು ಬಹಳ ಎತ್ತರದ ಊರೇನೂ ಅಲ್ಲ. ಆದರೆ ಗಾಳಿ ಮೊದಲು ಮೇಲೇರುವ ಅಂಚಿನಲ್ಲಿಯೇ ಇರುವುದರಿಂದ ಹೊರೆಯ ಹೆಚ್ಚಿನ ಪಾಲು ಅದಕ್ಕೆ ದಕ್ಕುವುದು.

ಅಂಚನ್ನು ದಾಟಿದ ಮೇಲೆ ಕಥೆ ತಿರುಗುಮುರುಗಾಗುವುದು. ಗಾಳಿ ಇಳಿಯತೊಡಗುವುದು, ಕುಗ್ಗುವುದು, ಬಿಸಿಯಾಗುವುದು. ಉಳಿದ ಆವಿಯನ್ನು ಅದು ಬಿಗಿಯಾಗಿ ಹಿಡಿದುಕೊಂಡು ನಮ್ಮ ತಲೆಯ ಮೇಲೆ ಸಾಗಿಹೋಗುವುದು. ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಮಳೆ ಆಗುಂಬೆಯ ಅರ್ಧಕ್ಕೂ ಕಡಮೆ. ಶಿವಮೊಗ್ಗದಲ್ಲಿ ಸಾವಿರ ಮಿಲಿಮೀಟರಿನ ಆಸುಪಾಸು. ನಮ್ಮಲ್ಲಿ ಇನ್ನೂ ಕಡಮೆ. ಇದನ್ನೇ ಭೂಗೋಳಶಾಸ್ತ್ರದಲ್ಲಿ ‘ಮಳೆಯ ನೆರಳು’ ಎನ್ನುವರು. ಆಷಾಢದಲ್ಲಿ ಯಲಬುರ್ಗಿಯ ಒಕ್ಕಲಿಗನು ತಲೆಯೆತ್ತಿ ನೋಡಿದರೆ ಮೋಡಗಳು ಓಡುತ್ತಿರುವುವು, ಗಾಳಿ ಬೀಸುತ್ತಿರುವುದು, ಹನಿ ಮಾತ್ರ ಬೀಳದು. ಆ ಮೋಡಗಳ ಹೊರೆ ಘಟ್ಟದಲ್ಲಿಯೇ ಇಳಿದುಹೋಗಿರುವುದು.

ಹಾಗಾದರೆ ಘಟ್ಟವು ನಮ್ಮ ಪಾಲನ್ನು ಕಸಿದುಕೊಂಡಿತೆ? ಅರ್ಧ ಮಾತ್ರ ಹಾಗೆನ್ನಬಹುದು. ಮೋಡವಾಗಿ ಬಾರದುದು ಹೊಳೆಯಾಗಿ ಬರುವುದು. ಆಗುಂಬೆಯ ಬೆಟ್ಟದ ಏಣಿನ ಮೇಲೆ ಬೀಳುವ ಎರಡು ಹನಿಗಳನ್ನು ಕಲ್ಪಿಸಿಕೊಳ್ಳಿ. ಏಣಿನ ಪಶ್ಚಿಮಕ್ಕೆ ಬಿದ್ದ ಹನಿಯು ಸೀತಾನದಿಯನ್ನು ಸೇರಿ, ಬರ್ಕಣದ ಜಲಪಾತದಲ್ಲಿ ಧುಮುಕಿ, ಸ್ವಲ್ಪ ಕಾಲದಲ್ಲಿಯೇ ಅರಬ್ಬೀ ಸಮುದ್ರವನ್ನು ಮುಟ್ಟುವುದು. ಪೂರ್ವಕ್ಕೆ ಬಿದ್ದುದು ಮಾಲತಿ ಎಂಬ ಹೊಳೆಯನ್ನು ಸೇರುವುದು. ಮಾಲತಿಯು ತುಂಗೆಯನ್ನು ಕೂಡುವುದು. ತುಂಗೆಯು ಕೂಡಲಿಯಲ್ಲಿ ಭದ್ರೆಯನ್ನು ಕೂಡಿ ತುಂಗಭದ್ರೆಯಾಗುವುದು. ಹೊನ್ನಾಳಿ, ಹರಿಹರಗಳನ್ನು ದಾಟಿ ಆ ನೀರು ಮುನಿರಾಬಾದಿನ ಬಳಿಯ ಅಣೆಕಟ್ಟಿಗೆ ಬರುವುದು. ಉಳಿದುದು ಆನೆಗೊಂದಿಯನ್ನು ಬಳಸಿ, ಮಂತ್ರಾಲಯ, ಕರ್ನೂಲುಗಳನ್ನು ಕಂಡು, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುವುದು. ಒಂದೇ ಮೋಡದಿಂದ ಬಿದ್ದ ಹನಿಗಳು, ಒಂದು ಮಾರು ಅಂತರದಿಂದಾಗಿ, ಬೇರೆ ಬೇರೆ ಕಡಲುಗಳಿಗೆ ಪಯಣ ಮಾಡುವುವು.

ತುಂಗಭದ್ರೆಯ ಅಣೆಕಟ್ಟಿನ ಕೆಲಸವನ್ನು ಅಂದಿನ ಹೈದರಾಬಾದು ಮತ್ತು ಮದರಾಸು ಸರಕಾರಗಳು ಕೂಡಿ ೧೯೪೫ರಲ್ಲಿ ಆರಂಭಿಸಿದುವು. ೧೯೫೩ರಲ್ಲಿ ಜಲಾಶಯ ಸಿದ್ಧವಾಯಿತು. ಎಡದಂಡೆಯ ಕಾಲುವೆಯು ಗಂಗಾವತಿಯ ನೆಲವನ್ನು ಭತ್ತದ ಕಣಜವನ್ನಾಗಿ ಮಾಡಿತು. ಕುಷ್ಟಗಿ, ಯಲಬುರ್ಗಿಗಳ ಬಹುಭಾಗ ಮುಗಿಲನ್ನೇ ನಂಬಿ ಜೋಳ, ಸಜ್ಜೆ, ಕಡಲೆಗಳನ್ನು ಬೆಳೆಯುವಾಗ, ನೆರೆಯ ಗಂಗಾವತಿಯಲ್ಲಿ ಹಸುರು ಗದ್ದೆಗಳು ಕಾಣುವುದು ಮಲೆನಾಡಿನ ಮಳೆಯ ಫಲ. ಆಗುಂಬೆಯೊಂದರಿಂದಲೇ ಜಲಾಶಯ ತುಂಬುವುದೆಂದು ಭಾವಿಸತಕ್ಕದ್ದಲ್ಲ. ತುಂಗೆ, ಭದ್ರೆ, ವರದೆಗಳ ಮಲೆಗಳೆಲ್ಲವೂ ಕೂಡಿ ಅದನ್ನು ತುಂಬುವುವು. ಆಗುಂಬೆಯು ಆ ಮಲೆಗಳಲ್ಲಿ ಒಂದು. ಆದರೆ ಕಣ್ಣಿಗೆ ಕಾಣುವಂತೆ ಪಾಠ ಹೇಳುವ ಮಲೆ. ೨೦೨೪ರ ಆಗಸ್ಟ್ ತಿಂಗಳಿನಲ್ಲಿ ಅಣೆಕಟ್ಟಿನ ಹತ್ತೊಂಬತ್ತನೆಯ ಬಾಗಿಲು ಕೊಚ್ಚಿಹೋಗಿ ಕೂಡಿಟ್ಟ ನೀರು ಹರಿದುಹೋಗುತ್ತಿದ್ದಾಗ ನಮ್ಮ ರೈತರ ಎದೆ ಎಷ್ಟು ನಡುಗಿತೆಂಬುದನ್ನು ತಾವೆಲ್ಲ ಬಲ್ಲಿರಿ. ತಾತ್ಕಾಲಿಕವಾದ ತಡೆಯನ್ನು ಇಳಿಸಿದ ಮೇಲೆ ಎಲ್ಲರ ದೃಷ್ಟಿಯೂ ಮಲೆನಾಡಿನ ಕಡೆಗೇ ತಿರುಗಿತು. ಮಳೆ ಮುಂದುವರಿಯಿತು, ಜಲಾಶಯ ಮತ್ತೆ ತುಂಬಿತು, ಬೆಳೆ ಉಳಿಯಿತು.

ಈ ಜಲಾಶಯಕ್ಕೆ ಇನ್ನೊಂದು ಸದ್ದಿಲ್ಲದ ಕೇಡುಂಟು, ಅದು ಹೂಳು. ಕಟ್ಟಿದಾಗ ಅದರಲ್ಲಿ ಸುಮಾರು ೧೩೩ ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಈಗ ಹಿಡಿಯುವುದು ಸುಮಾರು ೧೦೫ ಮಾತ್ರ. ಈ ಮಣ್ಣು ಹೊಲಗಳಿಂದ, ಗಣಿಗಳಿಂದ, ನದಿಯ ದಂಡೆಗಳಿಂದ, ಬೋಳಾದ ಗುಡ್ಡಗಳಿಂದ ಬಂದುದು. ಅದರಲ್ಲಿ ಘಟ್ಟದ ಕಾಡಿನ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳುವುದು ನನ್ನ ಕೆಲಸವಲ್ಲ. ಆದರೆ ಒಂದು ಮಾತು ನಿಶ್ಚಯ: ಕಾಡಿರುವ ಇಳಿಜಾರು ತನ್ನ ಮಣ್ಣನ್ನು ಹಿಡಿದಿಟ್ಟುಕೊಳ್ಳುವುದು, ಕಾಡಿಲ್ಲದುದು ಬಿಟ್ಟುಕೊಡುವುದು.

ಅದು ಹೇಗೆಂಬುದನ್ನು ತಿಳಿಯಲು ಕಾಡಿನ ಒಳಗೆ ಕಾಲಿಡಬೇಕು. ಆಗುಂಬೆಯದು ನಿತ್ಯಹರಿದ್ವರ್ಣದ ಕಾಡು; ಒಂದೇ ಸಲ ಎಲೆಯುದುರಿಸಿ ಬೆತ್ತಲೆ ನಿಲ್ಲುವ ಕಾಲ ಅದಕ್ಕಿಲ್ಲ. ಅದು ಮಹಡಿಗಳುಳ್ಳ ಮನೆಯಂತೆ. ಧೂಪ, ಬಲಗಿ ಮೊದಲಾದ ಹೆಮ್ಮರಗಳು ಮೇಲಿನ ಮಾಳಿಗೆ. ಮುರುಗಲು, ಉಪ್ಪಾಗೆ, ರಾಮಪತ್ರೆ ಮೊದಲಾದುವು ನಡುವಣ ಅಂತಸ್ತು. ಬೆತ್ತ, ಜರಿಗಿಡ, ಎಳೆಯ ಸಸಿಗಳು ನೆಲದ ಮನೆ. ಮಳೆಯ ಹನಿಯು ಎಲೆಯಿಂದ ಎಲೆಗೆ ಇಳಿದು, ರಭಸವನ್ನು ಕಳೆದುಕೊಂಡು, ಕೊಳೆತ ತರಗೆಲೆಯ ಹಾಸಿಗೆಯ ಮೇಲೆ ಬೀಳುವುದು. ಬೇರುಗಳ ಜಾಲವು ಅದನ್ನು ಒಳಕ್ಕೆ ಬಿಟ್ಟುಕೊಳ್ಳುವುದು. ಅತಿವೃಷ್ಟಿಯ ದಿನ ಯಾವ ಕಾಡೂ ಪ್ರವಾಹವನ್ನು ಪೂರ್ತಿಯಾಗಿ ತಡೆಯಲಾರದು. ಆದರೆ ಮಳೆ ನಿಂತು ತಿಂಗಳುಗಳಾದ ಮೇಲೂ ಝರಿಗಳಲ್ಲಿ ನೀರಿನ ಎಳೆ ಹರಿಯುತ್ತಿದ್ದರೆ ಅದು ಈ ಹಾಸಿಗೆಯ ಉಳಿತಾಯ.

ಕಾಡಿನ ನಿವಾಸಿಗಳಲ್ಲಿ ಮುಖ್ಯನಾದವನು ಕಾಳಿಂಗಸರ್ಪ. ಲೋಕದ ವಿಷಸರ್ಪಗಳಲ್ಲೆಲ್ಲ ಇದು ಉದ್ದವಾದುದು. ಬೇರೆ ಹಾವುಗಳೇ ಇದರ ಮುಖ್ಯ ಆಹಾರ. ಹೆಣ್ಣು ಕಾಳಿಂಗವು ಬೇಸಗೆಯಲ್ಲಿ ತರಗೆಲೆಗಳನ್ನು ಮೈಯಿಂದ ಗುಡ್ಡೆಹಾಕಿ ಗೂಡು ಕಟ್ಟಿ ಮೊಟ್ಟೆಯಿಡುವುದು. ಹೀಗೆ ಗೂಡು ಕಟ್ಟುವ ಹಾವು ಇನ್ನೊಂದಿಲ್ಲ. ಇದರ ನಡೆನುಡಿಯನ್ನು ಅಭ್ಯಾಸ ಮಾಡುವುದಕ್ಕಾಗಿ ರಾಮ್ಯುಲಸ್ ವಿಟೇಕರರು ೨೦೦೫ರಲ್ಲಿ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿದರು. ೨೦೨೪ರಲ್ಲಿ ವಿಜ್ಞಾನಿಗಳು ಪಶ್ಚಿಮಘಟ್ಟದ ಕಾಳಿಂಗವು ಬೇರೆಯೇ ಒಂದು ಜಾತಿಯೆಂದು ನಿರ್ಣಯಿಸಿ, ಅದರ ಶಾಸ್ತ್ರೀಯ ನಾಮದಲ್ಲಿ ‘ಕಾಳಿಂಗ’ ಎಂಬ ನಮ್ಮ ಮಾತನ್ನೇ ಇಟ್ಟರು. ಕನ್ನಡದ ಹಳ್ಳಿಗರ ಶಬ್ದವು ಜಗತ್ತಿನ ಜೀವಶಾಸ್ತ್ರದ ಪುಟವನ್ನು ಸೇರಿತೆಂಬುದು ಸಂತೋಷದ ಸಂಗತಿ. ಇದಲ್ಲದೆ ಸಿಂಗಳೀಕ, ಮಂಗಟ್ಟೆ ಹಕ್ಕಿ, ಮರದಿಂದ ಮರಕ್ಕೆ ತೇಲುವ ಹಾರುವ ಓತಿ, ಹೆಸರಿಟ್ಟು ಮುಗಿಯದಷ್ಟು ಬಗೆಯ ಕಪ್ಪೆಗಳು ಅಲ್ಲಿರುವುವು. ೨೦೧೨ರಲ್ಲಿ ಪಶ್ಚಿಮಘಟ್ಟದ ೩೯ ಪ್ರದೇಶಗಳನ್ನು ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಆಗುಂಬೆಯ ಮೀಸಲು ಅರಣ್ಯವೂ ಕೆಳಗಿನ ಸೋಮೇಶ್ವರ ವನ್ಯಜೀವಿಧಾಮವೂ ಅದರಲ್ಲಿ ಸ್ಥಾನ ಪಡೆದುವು.

ವಿಹಾರಕ್ಕೆ ಹೋಗುವವರು ಕಾಲವನ್ನು ನೋಡಿ ಹೋಗಬೇಕು. ಸೂರ್ಯಾಸ್ತವನ್ನು ನೋಡಬೇಕೆನ್ನುವವರಿಗೆ ನವೆಂಬರಿನಿಂದ ಜನವರಿಯವರೆಗಿನ ಕಾಲ ಒಳ್ಳೆಯದು. ಆಗ ಆಕಾಶ ನಿರ್ಮಲವಾಗಿದ್ದರೆ ಘಟ್ಟದ ತಿರುವಿನಲ್ಲಿರುವ ಕಟ್ಟೆಯ ಮೇಲಿಂದ ದೂರದ ಸಮುದ್ರವೂ ಅದರಲ್ಲಿ ಮುಳುಗುವ ಸೂರ್ಯನೂ ಕಾಣುವುದುಂಟು. ಮಳೆಗಾಲದಲ್ಲಿ ಹೋದವರಿಗೆ ಸೂರ್ಯನೂ ಇಲ್ಲ, ಸಮುದ್ರವೂ ಇಲ್ಲ; ಮಂಜು, ಮಳೆ, ಇಂಬಳ ಮಾತ್ರ. ಈ ಇಂಬಳವು ನಮ್ಮ ಕೆರೆಗಳ ಜಿಗಣೆಯ ಬಳಗದ್ದು, ನೆಲದ ಮೇಲೆ ನಡೆಯುವುದು. ಕಾಲಿಗೆ ಹತ್ತಿದರೆ ಗಾಬರಿ ಬೇಡ. ಮಲೆನಾಡಿನವರು ಉಪ್ಪನ್ನೋ ಸುಣ್ಣ ಬೆರೆಸಿದ ಹೊಗೆಸೊಪ್ಪನ್ನೋ ಮುಟ್ಟಿಸಿ ಬಿಡಿಸುವರು. ಒನಕೆಅಬ್ಬಿ, ಜೋಗಿಗುಂಡಿ ಮೊದಲಾದ ನೀರಿನ ತಾಣಗಳಿಗೆ ಕಾಡಿನ ದಾರಿಯಲ್ಲಿ ಹೋಗಬೇಕು. ಅರಣ್ಯ ಇಲಾಖೆಯ ಅಪ್ಪಣೆಯನ್ನು ಕೇಳಿ, ದಾರಿ ಬಲ್ಲವರೊಡನೆ ಹೋಗುವುದು ಲೇಸು. ಮಳೆಗಾಲದಲ್ಲಿ ಹಾಸುಗಲ್ಲಿನ ಪಾಚಿಯನ್ನು ನಂಬಬಾರದು.

ಇಲ್ಲಿ ಒಂದು ಕಠಿನವಾದ ಪ್ರಶ್ನೆಯನ್ನು ಎತ್ತಬೇಕಾಗಿದೆ. ನಮಗೆ ವಿಹಾರದ ದಾರಿಯಾದ ಈ ಘಟ್ಟವು ಸ್ಥಳೀಯರಿಗೆ ಬದುಕಿನ ದಾರಿ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಕಡೆಯ ರೋಗಿಗಳು ಮಣಿಪಾಲದ ಆಸ್ಪತ್ರೆಗೆ ಹೋಗುವುದು ಈ ತಿರುವುಗಳನ್ನಿಳಿದು. ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆ ಕಟ್ಟಿಹೋದುದುಂಟು. ಹಲವು ಮಳೆಗಾಲಗಳಲ್ಲಿ ಭಾರಿ ವಾಹನಗಳನ್ನು ತಡೆದುದುಂಟು. ಆದಕಾರಣ ರಸ್ತೆಯನ್ನು ಅಗಲಿಸಬೇಕು, ಸುರಂಗವನ್ನು ಕೊರೆಯಬೇಕು ಎಂಬ ಬೇಡಿಕೆ ಏಳುವುದು ಸಹಜ. ಕಾಡನ್ನು ಪ್ರೀತಿಸುವೆವೆಂದು ದೂರದಲ್ಲಿ ಕುಳಿತು ಆ ಬೇಡಿಕೆಯನ್ನು ಹಳಿಯುವುದು ನಮಗೆ ಸುಲಭ. ಪ್ರಸವವೇದನೆಯ ಹೆಂಗಸನ್ನು ನಡುರಾತ್ರಿ ಆ ದಾರಿಯಲ್ಲಿ ಕರೆದೊಯ್ಯಬೇಕಾದವನಿಗೆ ಸುಲಭವಲ್ಲ. ಆದರೆ ಇಳಿಜಾರಿನ ಬುಡವನ್ನು ಕಡಿದು ಅಗಲಿಸಿದ ರಸ್ತೆಯೇ ಮುಂದಿನ ಮಳೆಯಲ್ಲಿ ಜರಿಯುವುದೆಂಬುದೂ ಅಷ್ಟೇ ಸತ್ಯ. ಹತ್ತಿರದಲ್ಲಿಯೇ ಸುಸಜ್ಜಿತವಾದ ಆಸ್ಪತ್ರೆ, ಇರುವ ರಸ್ತೆಯ ಚರಂಡಿ ಮತ್ತು ತಡೆಗೋಡೆಗಳ ಸಕಾಲದ ದುರಸ್ತಿ, ಭಾರಿ ವಾಹನಗಳಿಗೆ ಬೇರೆ ದಾರಿ—ಇವುಗಳನ್ನು ಮೊದಲು ಮಾಡಿ ನೋಡಿದ ಮೇಲೆ ಉಳಿದುದನ್ನು ಯೋಚಿಸುವುದು ಕ್ರಮವೆಂದು ನನಗೆ ತೋರುವುದು.

ಅಷ್ಟರೊಳಗೆ ನಾವು, ವಿಹಾರಕ್ಕೆ ಹೋಗುವವರು, ಮಾಡಬಹುದಾದ ಕೆಲಸ ಸಣ್ಣದು, ಆದರೆ ನಮ್ಮ ಕೈಯಲ್ಲಿಯೇ ಇರುವುದು. ಘಟ್ಟವನ್ನು ಹತ್ತುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕು. ತಿರುವಿನಲ್ಲಿ ಕಾರು ನಿಲ್ಲಿಸಿ ಚಿತ್ರ ತೆಗೆಯಬಾರದು. ಹಿಂದೆ ರೋಗಿಯ ಗಾಡಿ ಬರುತ್ತಿರಬಹುದು. ರಾತ್ರಿಯ ಹೊತ್ತು ಮೆಲ್ಲಗೆ ಹೋಗಬೇಕು. ಮಳೆಯಲ್ಲಿ ಕಪ್ಪೆ, ಹಾವುಗಳು ರಸ್ತೆಗೆ ಬರುವುವು. ಕಟ್ಟೆಯ ಮೇಲಿನ ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತುಗಳನ್ನು ಎಸೆಯುವುದು ದಾನವೆಂದು ಹಲವರ ಭಾವನೆ. ಅದರಿಂದ ಅವು ಕಾಡಿನ ಹಣ್ಣನ್ನು ಮರೆತು ರಸ್ತೆಯ ಮೇಲೆ ಕುಳಿತುಕೊಳ್ಳಲು ಕಲಿಯುವುವು. ಗಾಲಿಗೆ ಸಿಕ್ಕಿ ಸಾಯುವುವು. ಹಣ್ಣನ್ನು ತಿಂದು ದೂರದಲ್ಲಿ ಬೀಜವನ್ನು ಉದುರಿಸುವ ಪ್ರಾಣಿಯು ಕಾಡಿನ ತೋಟಗಾರ. ಅದನ್ನು ಭಿಕ್ಷುಕನನ್ನಾಗಿ ಮಾಡಿದರೆ ಬಿತ್ತುವವರಾರು? ಇನ್ನು ಪ್ಲಾಸ್ಟಿಕ್ಕಿನ ಬಾಟಲಿಗಳ ಮಾತು. ಪೂರ್ವದ ಝರಿಗೆ ಎಸೆದುದು ನೀರಿನ ಹಿಂದೆಯೇ ಹೊರಡುವುದು. ನಮ್ಮ ಕಸ ನಮ್ಮ ಕಾಲುವೆಯ ಕಡೆಗೇ ಪಯಣ ಮಾಡುವುದು.

ಎಲ್ಲರಿಗೂ ಅಷ್ಟು ದೂರ ಹೋಗುವ ಅನುಕೂಲವಿರಲಾರದು. ಅಂತಹವರು ಹಿರೇಬೆಣಕಲ್ಲಿನ ಗುಡ್ಡವನ್ನು ಹತ್ತಬಹುದು. ಕಬ್ಬಿಣಯುಗದ ಜನರು ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ, ನಾನೂರರಷ್ಟು ಸಂಖ್ಯೆಯ ಕಲ್ಮನೆಗಳು ಅಲ್ಲಿರುವುವು. ಊರವರು ಅವನ್ನು ಮೋರ್ಯರ ಮನೆಗಳೆನ್ನುವರು. ಚಪ್ಪಡಿಗಳನ್ನು ಎಬ್ಬಿಸಿದ ಎಡೆಯಲ್ಲಿ ಉಂಟಾದ ಕೊಳದಲ್ಲಿ ನೀರು ನಿಲ್ಲುವುದು. ಮಳೆಯ ನೆರಳಿನಲ್ಲಿ ಬಾಳಿದ ಆ ಪೂರ್ವಿಕರಿಗೆ ನೀರಿನ ಬೆಲೆ ಗೊತ್ತಿತ್ತು. ಆ ಕೊಳದ ದಡದಲ್ಲಿ ಕುಳಿತವರಿಗೂ, ಆಗುಂಬೆಯ ಕಟ್ಟೆಯ ಮೇಲೆ ನಿಂತವರಿಗೂ ತಿಳಿಯತಕ್ಕ ಸಂಗತಿ ಒಂದೇ: ನೀರು ಎಲ್ಲಿಂದ ಬರುವುದೋ ಅಲ್ಲಿಯ ಕಾಡನ್ನು ಅಲ್ಲಿಯವರು ಕಾಯುತ್ತಿರುವರು, ಆ ನೀರನ್ನುಣ್ಣುವ ನಾವು ಅತಿಥಿಗಳಾಗಿ ಹೋದಾಗಲಾದರೂ ಅದನ್ನು ಕೆಡಿಸದೆ ಬರಬೇಕು.